ಯಾರೂ ಕೇಳದ ನಂಬರು

ಮೂರನೇ ರೇಸಿಗೆ ಬಾಜಿ ಟಿಕೆಟಿನ ಕಿಟಕಿ ತೆರೆದು, ಸಾಲು ಅರ್ಧಕ್ಕಿಂತ ಹೆಚ್ಚು ಕರಗಿದ ಮೇಲೆ ಅವಳಿಗೆ ಹೊಳೆಯಿತು, ಇಷ್ಟು ಹೊತ್ತಾದರೂ ನಾಲ್ಕು ಅಂತ ಒಬ್ಬರೂ ಕೇಳಿಲ್ಲ. ಮೊದಲಿಗೆ ಅದೇನು ತಲೆಗೆ ಹಚ್ಚಿಕೊಳ್ಳುವ ವಿಷಯ ಅನ್ನಿಸಲಿಲ್ಲ. ಒಂದೊಂದು ದಿನ ಒಂದೊಂದು ನಂಬರಿನ ಗ್ರಹಚಾರ ಕೆಟ್ಟಿರುತ್ತದೆ, ಜನ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಒಂಬತ್ತು, ಎರಡು, ಒಂಬತ್ತು, ಏಳು, ಮತ್ತೆ ಎರಡು. ಗಾಜಿನ ಆಚೆ ಬಾಯಿಗಳು ಬಂದು ನಿಲ್ಲುತ್ತಿದ್ದವು, ಒಂದು ನಂಬರು ಉದುರಿಸಿ ಹೋಗುತ್ತಿದ್ದವು. ಕಿಟಕಿ ಕೂರಿಸಿದವನು ಯಾವ ಅಂದಾಜಿನಲ್ಲಿ ಕೂರಿಸಿದ್ದನೋ, ಅವಳ ಕುರ್ಚಿಯಿಂದ ಕಾಣುವುದು ಜನರ ಮೂಗಿನ ಕೆಳಗಿನ ಭಾಗ ಮಾತ್ರ. ತುಟಿ, ಗದ್ದ, ಕುತ್ತಿಗೆ, ಆಮೇಲೆ ಕೆಳಗಿನ ಸಂದಿಯಿಂದ ಒಳಗೆ ತೂರುವ ಕೈ. ವರ್ಷಗಟ್ಟಲೆ ಇಲ್ಲಿ ಕೂತು ಅವಳಿಗೆ ಕಣ್ಣಿಲ್ಲದ ಜನರೇ ಅಭ್ಯಾಸವಾಗಿಬಿಟ್ಟಿದ್ದರು. ಪೇಟೆಯಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ ಅವರ ಗದ್ದ ನೋಡಿ ಗುರುತು ಹಿಡಿಯುತ್ತಿದ್ದಳು. ಈಗ ಆ ಬಾಯಿಗಳನ್ನೇ ನೋಡುತ್ತ, ಮುಂದಿನದು ನಾಲ್ಕು ಅನ್ನುತ್ತದೆ ಅಂದುಕೊಂಡಳು. ಏಳು ಅಂದಿತು. ಅದರ ಹಿಂದಿನದು ಖಂಡಿತ ಅನ್ನುತ್ತದೆ. ಎರಡು ಅಂದಿತು.

ಕಿಟಕಿಯ ಒಳಮಗ್ಗುಲಲ್ಲಿ, ಮಾರುವವರ ಕಣ್ಣಿಗೆ ಮಾತ್ರ ಬೀಳುವ ಹಾಗೆ, ನಿಯಮಗಳ ಹಲಗೆ ಹಾಕಿದ್ದರು. ಟಿಕೆಟ್ ಕೊಳ್ಳುವವರು ತಾವೇ ಬಾಯಿಬಿಟ್ಟು ನಂಬರು ಹೇಳಬೇಕು, ಮಾರುವವರು ಅದನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು, ಅವರು ಒಪ್ಪಿದ ಮೇಲೇ ಮಷೀನಿನ ಗುಂಡಿ ಒತ್ತಬೇಕು. ಕೊಳ್ಳುವವರು ಹೇಳದ ನಂಬರನ್ನು ಮಾರುವವರು ಬಾಯಿಗೆ ತರಕೂಡದು. ಓಟದ ಗಂಟೆ ಹೊಡೆದ ಮೇಲೆ ಯಾರಿಗೂ ಕೊಡಕೂಡದು, ಮಾರುವವರು ತಮಗಂತ ಯಾವತ್ತೂ ಕೊಳ್ಳಕೂಡದು. ಟಿಕೆಟು ಕಿಟಕಿ ಬಿಟ್ಟ ಮೇಲೆ ಬಂದ ತಕರಾರನ್ನು ಎತ್ತಿಕೊಳ್ಳಕೂಡದು. ಇದನ್ನೆಲ್ಲ ಕಂಠಪಾಠ ಮಾಡಿಸಿದವರು ಸೂಪರ್‌ವೈಸರು. ಮಾತೆತ್ತಿದರೆ ಇಂಥ ಕಲಮು, ಇಂಥ ಉಪಕಲಮು ಅನ್ನುವ ಆತನನ್ನು ಕಿಟಕಿಯವರೆಲ್ಲ ಹಿಂದಿನಿಂದ ಕಲಮಪ್ಪ ಅನ್ನುತ್ತಿದ್ದರು. ಹಲಗೆಯ ಮೇಲಿಲ್ಲದ ಇನ್ನೊಂದು ನಿಯಮವಿತ್ತು. ಕುದುರೆ ಓಡಿಸುವವರ ರಕ್ತಸಂಬಂಧಿಗಳು ಕಿಟಕಿಯಲ್ಲಿ ಕೂರುವ ಹಾಗಿಲ್ಲ. ಕೆಲಸಕ್ಕೆ ಸೇರುವ ದಿನ, ನನಗೆ ಅಂಥವರು ಯಾರೂ ಇಲ್ಲ ಅಂತ ಅವಳು ಸಹಿ ಹಾಕಿದ್ದಳು. ಆಗ ಅದು ನಿಜವೇ ಆಗಿತ್ತು. ತಮ್ಮ ಆಗಿನ್ನೂ ಲಾಯದಲ್ಲಿ ಹುಲ್ಲು ಹಾಕುತ್ತಿದ್ದ. ಅವನು ಕುದುರೆ ಹತ್ತಿದ ಮೇಲೆ ಹೋಗಿ ಹೇಳಬೇಕಾಗಿತ್ತು. ನಾಳೆ ಹೇಳಿದರಾಯಿತು ಅಂತ ಮುಂದೂಡಿದ್ದು ಹಾಗೇ ಮುಚ್ಚಿಹೋಗಿ, ಈಗ ಮೈದಾನದ ಒಳಗೆ ಅಕ್ಕ ತಮ್ಮ ಇಬ್ಬರೂ ಅಪರಿಚಿತರು. ಬೇರೆಬೇರೆ ಗೇಟಿನಿಂದ ಒಳಬರುತ್ತಿದ್ದರು. ಕಿಟಕಿಗಳ ಮುಂದೆ ಹಾದುಹೋಗುವಾಗ ಅವನು ಮುಖವನ್ನು ಎದುರು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದ. ತಾನೇ ಹೇಳಿಕೊಟ್ಟಿದ್ದರೂ ಪ್ರತಿ ಸಲ ಅವಳಿಗೆ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು.

ಬೆಳಿಗ್ಗೆ ಅವನು ಹೊರಡುವಾಗ ಬಾಗಿಲಲ್ಲಿ ನಿಂತು ನಾಲ್ಕು ಬೆರಳು ತೋರಿಸಿದ್ದ. ಮೂರನೇ ರೇಸು, ನಾಲ್ಕನೇ ನಂಬರು. ನಿನ್ನೆಯಿಂದ ನೀರಲ್ಲಿ ತುಟಿ ಒದ್ದೆ ಮಾಡಿಕೊಂಡದ್ದು ಬಿಟ್ಟರೆ ಏನೂ ಮುಟ್ಟಿರಲಿಲ್ಲ. "ಒಂದು ತುತ್ತಾದ್ರೂ ತಿನ್ನೋ ಕಡ್ಡಿ," ಅಂದರೆ, "ತಿಂದ್ರೆ ಕುದುರೆಗೆ ಭಾರ, ತಿನ್ನದಿದ್ರೆ ನಿನಗೆ ಭಾರ, ನಾನೇನ್ ಮಾಡ್ಲಿ ಅಕ್ಕ," ಅಂತ ನಕ್ಕಿದ್ದ. ನಕ್ಕಾಗ ಅವನ ಕತ್ತಿನ ನರಗಳೆಲ್ಲ ಎದ್ದು ಕಂಡಿದ್ದವು. ಚಿಕ್ಕವನಿದ್ದಾಗಲೂ ಹಾಗೇ, ಇದ್ದಾನೋ ಇಲ್ಲವೋ ಅನ್ನುವ ಹಾಗಿದ್ದ. ಅಮ್ಮ ದಿನಾ ಸಂಜೆ ಅಗಳಿ ಹಾಕುವ ಮೊದಲು ಮನೆಯಲ್ಲಿರುವವರ ಹೆಸರನ್ನೆಲ್ಲ ಒಂದೊಂದಾಗಿ ಕೂಗುತ್ತಿದ್ದಳು, ಎದುರಿಗೇ ಕೂತವರ ಹೆಸರನ್ನೂ ಬಿಡದೆ. ಅಮ್ಮ ಹೋದ ಮೇಲೆ ಆ ಕೆಲಸ ಇವಳದ್ದಾಯಿತು. ಒಂದು ಸಂಜೆ ಏನೋ ಸಿಟ್ಟಿನಲ್ಲಿ, ಅಥವಾ ಬರೀ ಸುಸ್ತಿನಲ್ಲಿ, ಕೂಗದೆ ಅಗಳಿ ಹಾಕಿ ಮಲಗಿಬಿಟ್ಟಳು. ಬೆಳಿಗ್ಗೆ ಬಾಗಿಲು ತೆಗೆದರೆ ಅವನು ಹೊರಗೆ ಗೋಡೆಗೆ ಒರಗಿ ಕೂತಿದ್ದ. ಕಣ್ಣು ತೆರೆದೇ ಇದ್ದವು. ಅತ್ತ ಗುರುತಿರಲಿಲ್ಲ. ಬಾಗಿಲು ತಟ್ಟೋಕೇನಾಗಿತ್ತೋ ಅಂತ ಅವಳು ಅಳುತ್ತ ಅಲುಗಾಡಿಸಿದರೆ, "ನೀನು ಕರೀಲಿಲ್ವಲ್ಲ, ಅದಕ್ಕೆ ನಾನಿಲ್ಲ ಅಂದ್ಕೊಂಡೆ," ಅಂದಿದ್ದ. ಮಷೀನು ಕಟಕ್ಕಂತ ಟಿಕೆಟು ಉಗುಳಿತು. ಎರಡು. ಕೈಯೊಂದು ಅದನ್ನು ಎಳೆದುಕೊಂಡು ಮರೆಯಾಯಿತು.

ಈಗ ಅವಳು ನಾಲ್ಕಕ್ಕೇ ಕಾಯತೊಡಗಿದ್ದಳು. ಇದು ಹುಚ್ಚು ಅಂತ ಅವಳಿಗೆ ಗೊತ್ತು. ಕುದುರೆಯ ಕಾಲಿಗೂ ಇಲ್ಲಿ ಯಾರೋ ಆಡುವ ಮಾತಿಗೂ ಏನು ನಂಟು? ಆದರೂ ಪ್ರತಿ ಹೊಸ ಬಾಯಿಯ ಮುಂದೆ ಉಸಿರು ಬಿಗಿಹಿಡಿಯುತ್ತಿದ್ದಳು. ಕೆಂಪು ಕರವಸ್ತ್ರ ಕಟ್ಟಿದ್ದ ಕುತ್ತಿಗೆಯೊಂದು ಬಂದು, "ನಾ..." ಅಂದಿತು. ಅವಳ ಬೆರಳು ಆಗಲೇ ಗುಂಡಿಯ ಮೇಲಿತ್ತು. "ನಾ ಹೇಳಿದ್ದು ಕೇಳಿಸ್ಲಿಲ್ವ? ಒಂಬತ್ತು." ಅದಕ್ಕೂ ಮುಂಚೆ ಆತ ಏನೂ ಹೇಳಿರಲಿಲ್ಲ, ಅದು ಅವಳಿಗೆ ಖಾತ್ರಿಯಿತ್ತು. ತಿರುಗಿ ಒಂಬತ್ತು ಅಂದು ಕೊಟ್ಟಳು. ಆಮೇಲೆ ಬಂದವರು ತುಟಿ ತೆರೆಯುವ ಮೊದಲು ಒಂದು ಗಳಿಗೆ ತಡೆಯುತ್ತಿದ್ದಾರೆ ಅನ್ನಿಸತೊಡಗಿತು. ಬಾಯಿಗೆ ಬಂದ ನಂಬರನ್ನು ನುಂಗಿಕೊಂಡು ಬೇರೆಯದನ್ನು ತೆಗೆಯುತ್ತಿದ್ದಾರೆ. ಎಲ್ಲರಿಗೂ ಏನೋ ಗೊತ್ತಿದೆ. ಸಾಲಿನಲ್ಲಿ ಕಿವಿಯಿಂದ ಕಿವಿಗೆ ಅದು ಹೋಗಿದೆ, ಈ ಗಾಜು ದಾಟಿ ತನ್ನ ಹತ್ತಿರ ಮಾತ್ರ ಬಂದಿಲ್ಲ. ಪಕ್ಕದ ಕಿಟಕಿಯಲ್ಲಿ ಏನು ಕೇಳುತ್ತಿದ್ದಾರೆ ಅಂತ ಬಗ್ಗಿ ನೋಡಿದಳು. ನಡುವಿನ ಹಲಗೆಯ ಆಚೆ ನೆಗಡಿಯಾದ ಹೆಂಗಸಿನ ಸೀನು ಬಿಟ್ಟರೆ ಏನೂ ಕೇಳಿಸಲಿಲ್ಲ. ಕುದುರೆಗಳು ಸಾಲುಗೂಡುತ್ತಿವೆ ಅಂತ ಮೈಕು ಕೂಗಿತು. ಇನ್ನೇನು ಗಂಟೆ. ನಾಲ್ಕು ಅಂತ ಯಾರಾದರೂ ಒಬ್ಬರು, ಕುಡುಕನಾದರೂ ಸರಿ, ಬಾಯಿ ತಪ್ಪಿಯಾದರೂ ಸರಿ.

ಕೊನೆಯಲ್ಲಿ ಉಳಿದದ್ದು ಗಡಿಯಾರ ರಿಪೇರಿಯ ಮುದುಕ ಮತ್ತು ಅವನ ಹೆಂಡತಿ. ಅವರ ಗದ್ದಗಳು ಅವಳಿಗೆ ಚೆನ್ನಾಗಿ ಗೊತ್ತು. ಪ್ರತಿ ರೇಸಿನ ದಿನ ಬರುತ್ತಿದ್ದರು, ಒಂದೇ ಒಂದು ಟಿಕೆಟ್ ಕೊಂಡು ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತ ಕೂರುತ್ತಿದ್ದರು. ಗಡಿಯಾರ ಬಿಚ್ಚಿ ಬಿಚ್ಚಿ ಅವನ ಹೆಬ್ಬೆರಳಿನ ಉಗುರು ಚಪ್ಪಟೆಯಾಗಿತ್ತು. "ಒಂಬತ್ತು, ಮಗಳೇ," ಅಂದ. ಸ್ಪಷ್ಟವಾಗಿ, ನಿಧಾನವಾಗಿ, ಯಾವಾಗಲೂ ಹೇಳುವ ಹಾಗೆ. ಅವಳು ತಿರುಗಿ ಹೇಳಲು ಬಾಯಿ ತೆರೆದಳು. "ನಾಲ್ಕು," ಅಂದಳು. ಆ ಮಾತು ಹೊರಗೆ ಬಿದ್ದದ್ದು ಅವಳಿಗೆ ಕೇಳಿಸಿತು, ಬೇರೆ ಯಾರೋ ಆಡಿದ ಹಾಗೆ, ಬೇಕಾದದ್ದಕ್ಕಿಂತ ಗಟ್ಟಿಯಾಗಿ. ಗಾಜಿನ ಆಚೆ, ಮೈಕಿನ ಗದ್ದಲದಲ್ಲಿ, ಆ ಗದ್ದ ರೂಢಿಯಂತೆ ಮೇಲೆ ಕೆಳಗೆ ಆಡಿತು. ಒಪ್ಪಿಗೆ. ಅವಳು ಒತ್ತಿದಳು. ಕೈ ಬಂತು, ಟಿಕೆಟನ್ನು ಓದದೆ ಮಡಿಸಿ ಎದೆಯ ಜೇಬಿಗೆ ಸೇರಿಸಿತು. "ಬರ್ತೀವಮ್ಮ," ಅಂದಳು ಹೆಂಡತಿ. ಗಂಟೆ ಹೊಡೆಯಿತು. ಕಿಟಕಿಯ ಬಾಗಿಲು ಎಳೆದು, ಕತ್ತಲಾದ ಆ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತಾಗ ಅವಳಿಗೆ ಮೊದಲು ಅನ್ನಿಸಿದ್ದು ನಾಚಿಕೆಯಲ್ಲ, ನೆಮ್ಮದಿ. ಕರೆದಾಯಿತು. ಇನ್ನು ಅವನು ಒಳಗೆ ಬರಬಹುದು.

ಒಳಗಿನಿಂದ ಓಟ ಕಾಣುವುದಿಲ್ಲ, ಬರೀ ಕೇಳಿಸುತ್ತದೆ. ಜನರ ಸದ್ದು ದೂರ ಹೋಗುತ್ತದೆ, ತಿರುವಿನಲ್ಲಿ ತೆಳ್ಳಗಾಗುತ್ತದೆ, ಆಮೇಲೆ ಗೋಡೆಯ ಹಾಗೆ ಎದ್ದು ಬರುತ್ತದೆ. ಇವತ್ತು ತಿರುವಿನಲ್ಲಿ ಒಂದು ಕ್ಷಣ ಅದು ನಿಂತೇಹೋಯಿತು. ಸಾವಿರಾರು ಜನ ಒಟ್ಟಿಗೇ ಉಸಿರು ಎಳೆದುಕೊಂಡ ಹಾಗೆ. ಅವಳು ಮೇಜಿನ ಅಂಚು ಹಿಡಿದುಕೊಂಡಳು. ಮತ್ತೆ ಸದ್ದು ಬಂತು, ಮುಗಿಯಿತು, ಮೈಕು ಗೆದ್ದ ಮೂರು ನಂಬರು ಹೇಳಿತು. ಮೊದಲನೆಯದು ಒಂಬತ್ತು. ಆ ಮೂರರಲ್ಲಿ ನಾಲ್ಕು ಇರಲಿಲ್ಲ. ಬಾಗಿಲನ್ನು ಒಂದು ಬೆರಳಿನಷ್ಟು ಸರಿಸಿ ಕಾದಳು. ಸವಾರರು ಒಬ್ಬೊಬ್ಬರಾಗಿ, ಓಟದ ಮೇಲೆ ಮತ್ತೆ ತೂಗಿಸಿಕೊಳ್ಳಲು, ತೂಕದ ಕೋಣೆಯ ಕಡೆ ಹೋದರು. ಎಲ್ಲರಿಗಿಂತ ಹಿಂದೆ ತಮ್ಮ ಬಂದ. ಎಡಗೆನ್ನೆಗೆ ಪೂರಾ ಮಣ್ಣು ಮೆತ್ತಿತ್ತು. ಕಿಟಕಿಗಳ ಹತ್ತಿರ ಬರುತ್ತಲೇ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಅವಳಿಗೆ ಕೂಗಿ ಕರೆಯಬೇಕು ಅನ್ನಿಸಿತು. ಬಾಗಿಲು ಮುಚ್ಚಿಕೊಂಡಳು.

ಕಿಟಕಿ ತಟ್ಟಿದ್ದು ಮುದುಕನ ಹೆಂಡತಿ. "ಅಮ್ಮಾ, ಇದೇನೋ ತಪ್ಪಾಗಿದೆ ನೋಡು. ಇವರು ಒಂಬತ್ತು ಅಂದ್ರು. ಇದ್ರಲ್ಲಿ ನಾಲ್ಕು ಅಂತಿದೆ." ಅವಳ ಹಿಂದೆ ಮುದುಕ, ಟಿಕೆಟನ್ನು ಎರಡೂ ಕೈಯಲ್ಲಿ, ಮುಳ್ಳು ಕಳಚಿದ ಗಡಿಯಾರವನ್ನು ಹಿಡಿಯುವ ಹಾಗೆ ಹಿಡಿದುಕೊಂಡಿದ್ದ. "ನಾನು ಕೇಳಿದ್ದು ಒಂಬತ್ತು, ಮಗಳೇ," ಅಂದ, ಜಗಳದ ದನಿಯಲ್ಲಲ್ಲ. ಅಷ್ಟರಲ್ಲಿ ಒಳಬಾಗಿಲಿನಿಂದ ಕಲಮಪ್ಪ ಬಂದೇಬಿಟ್ಟ. "ಏನಮ್ಮಾ, ಏನು ಗಲಾಟೆ?" ಅಂದ. ತಪ್ಪು ನನ್ನದು ಅಂದರೆ, ಯಾಕೆ ಅನ್ನುತ್ತಾನೆ. ಯಾಕೆ ಅನ್ನುವುದರ ಹಿಂದೆ ತಮ್ಮ ನಿಂತಿದ್ದಾನೆ, ಕೆನ್ನೆಗೆ ಮಣ್ಣು ಮೆತ್ತಿಕೊಂಡು. ಅವಳು ಮುದುಕನ ಗದ್ದ ನೋಡುತ್ತ, "ನನಗೆ ಕೇಳಿದ್ದು ನಾಲ್ಕು," ಅಂದಳು.

"ತಿರುಗಿ ಹೇಳಿದ್ರಾ?"

"ಹೇಳಿದೆ."

"ಏನಂತ?"

"ನಾಲ್ಕು ಅಂತ."

"ಇವರು ಒಪ್ಪಿದ್ರಾ?"

"ತಲೆಯಾಡಿಸಿದ್ರು."

"ಅಲ್ಲಿಗೆ ಮುಗೀತು. ಯಜಮಾನ್ರೇ, ಟಿಕೆಟು ಕಿಟಕಿ ಬಿಟ್ಟ ಮೇಲೆ ನಾವೇನೂ ಮಾಡೋ ಹಾಗಿಲ್ಲ. ಆಗ್ಲೇ ನೋಡ್ಕೋಬೇಕಿತ್ತು."

"ನಾನು ಪಕ್ಕದಲ್ಲೇ ಇದ್ದೆ ಸ್ವಾಮಿ," ಅಂದಳು ಹೆಂಡತಿ, "ಇವರ ಬಾಯಲ್ಲಿ ಒಂಬತ್ತು ಅಂತ ಬಂದಿದ್ದನ್ನ ನನ್ನ ಈ ಕಿವಿಯಲ್ಲಿ..." ಮುದುಕ ಅವಳ ತೋಳು ಮುಟ್ಟಿದ. "ಬಿಡೇ. ಆ ಹುಡುಗಿ ಯಾಕೆ ಸುಳ್ಳು ಹೇಳ್ತಾಳೆ? ಅವಳಿಗೇನು ಲಾಭ?" ಆಮೇಲೆ ಬಗ್ಗಿದ. ಗಾಜಿನಲ್ಲಿ ಮೊದಲ ಸಲ ಅವನ ಕಣ್ಣು ಕಂಡವು. ಒಂದು ಕಣ್ಣು, ಯಾವಾಗಲೂ ಭೂತಗನ್ನಡಿ ಸಿಕ್ಕಿಸಿಕೊಳ್ಳುವ ಕಣ್ಣು, ಇನ್ನೊಂದಕ್ಕಿಂತ ಚಿಕ್ಕದಾಗಿತ್ತು. "ನಾನು ನಾಲ್ಕು ಅಂದೆನಾ, ಮಗಳೇ?" ಅಂತ ಕೇಳಿದ. ಆಪಾದನೆಯ ಸುಳಿವೂ ಇರದ ಪ್ರಶ್ನೆ ಅದು. ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದ. ಅವಳು ಹೂಂ ಅಂದಳು. "ಹಂಗೇ ಇರ್ಬೇಕು," ಅಂದ ಅವನು, ಹೆಂಡತಿಯ ಕಡೆ ತಿರುಗಿ ನಕ್ಕು. ಆ ನಗುವಿನ ಕೆಳಗಿನ ತುಟಿ ನಡುಗಿದ್ದನ್ನು ನೋಡಲು ಅವಳ ಕುರ್ಚಿಗಿಂತ ಒಳ್ಳೆಯ ಜಾಗ ಇರಲಿಲ್ಲ. ಅವರು ಹೋದ ಮೇಲೆ ಕಲಮಪ್ಪ ಮಷೀನಿನ ಪಟ್ಟಿ ಎಳೆದು ನೋಡುತ್ತ, "ವಿಚಿತ್ರ ಕಣಮ್ಮ," ಅಂದ. "ಎಲ್ಲಾ ಕಿಟಕಿಯಲ್ಲೂ ನಾಲ್ಕು ಚೆನ್ನಾಗಿ ಹೋಗಿದೆ. ನಿಮ್ಮಲ್ಲಿ ಮಾತ್ರ ಇದೊಂದೇ."

ಸಂಜೆ ತಮ್ಮ ತಟ್ಟೆಯ ಮುಂದೆ ಕೂತು, ಎರಡು ದಿನದ ಹಸಿವನ್ನು ಒಂದೇ ಸಲ ತೀರಿಸುತ್ತ, ತಿರುವಿನಲ್ಲಿ ಆದದ್ದನ್ನು ಹೇಳಿದ. ಕುದುರೆ ಮುಗ್ಗರಿಸಿತ್ತು. ಅವನ ಕಾಲು ಪಾದ ಊರುವ ರಿಕಾಪಿನಿಂದ ಕಳಚಿ, ತಲೆ ಅದರ ಭುಜದ ಪಕ್ಕ ನೇತಾಡಿ, ನೆಲ ಮೂಗಿನ ಹತ್ತಿರವೇ ಓಡುತ್ತಿತ್ತಂತೆ. "ಹಿಂದೆ ಆರು ಕುದುರೆ ಬರ್ತಿದ್ವು. ಮುಗೀತು ಅಂದ್ಕೊಂಡೆ. ನೋಡಿದ್ರೆ ಮತ್ತೆ ಜೀನಿನ ಮೇಲಿದೀನಿ. ಹೆಂಗೆ ಹತ್ತಿದೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ." ಅವನು ಇನ್ನೊಂದು ತುತ್ತು ಕಲಸಿದ. "ಯಾಕೆ, ಹಂಗೆ ನೋಡ್ತೀಯ?" ಅವಳು ಏನಿಲ್ಲ ಅಂದಳು. ಅವನು ಉಣ್ಣುವುದನ್ನು ನೋಡುತ್ತ, ಅವನ ಗಂಟಲು ಏರಿಳಿಯುವುದನ್ನು ನೋಡುತ್ತ ಕೂತಳು. ಹಾಗಾದರೆ ತಾನು ನಾಲ್ಕು ಅಂದದ್ದು ಫಲಿಸಿತೇ? ಫಲಿಸಿದ್ದರೆ ಅವಳು ಮಾಡಿದ್ದನ್ನು ತಪ್ಪು ಅನ್ನುವ ಹಾಗಿಲ್ಲ, ತಪ್ಪು ಅಂದರೆ ಎದುರಿಗೆ ಕೂತವನನ್ನೇ ತಪ್ಪು ಅಂದ ಹಾಗೆ. ಫಲಿಸಿರದಿದ್ದರೆ ಸುಮ್ಮಸುಮ್ಮನೆ ಒಬ್ಬ ಮುದುಕನ ಬಾಯಿಂದ ಮಾತು ಕಿತ್ತುಕೊಂಡಿದ್ದಾಳೆ. ಎರಡರಲ್ಲಿ ಯಾವುದು ಬೇಕು ತನಗೆ? "ಇನ್ನೊಂದು ಸ್ವಲ್ಪ ಹಾಕ್ಲಾ?" ಅಂದಳು.

ಮುಂದಿನ ರೇಸಿಗೆ ಮುದುಕ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಬೆಂಚಿನ ಮೇಲೆ ಬೇರೆ ಯಾರೋ ಕೂರುತ್ತಿದ್ದರು. ಜನ ಈಗ ಅವಳ ಕಿಟಕಿಯಲ್ಲಿ ಎಲ್ಲ ನಂಬರನ್ನೂ ಕೇಳುತ್ತಿದ್ದರು, ನಾಲ್ಕನ್ನೂ, ತಡೆಯಿಲ್ಲದೆ. ತಿರುಗಿ ಹೇಳುವಾಗ ಮಾತ್ರ ಅವಳಿಗೆ ಭಯವಾಗುತ್ತಿತ್ತು. ಐದು ಅಂದರೆ ಐದೇ ಅಂದೆನೇ? ಗಾಜಿನ ಆಚೆ ಗದ್ದಗಳು ಆಡುತ್ತಿದ್ದವು, ಯಾವುದೂ ಬೇಡ ಅನ್ನುತ್ತಿರಲಿಲ್ಲ. ರಜೆಯ ದಿನ ಮಧ್ಯಾಹ್ನ, ತಮ್ಮ ಕನ್ನಡಿಯ ಮುಂದೆ ಮೀಸೆ ಕತ್ತರಿಸಿಕೊಳ್ಳುತ್ತಿದ್ದಾಗ, ಅವಳು ಚಪ್ಪಲಿ ಮೆಟ್ಟಿ ಹೊರಟಳು. ಎಲ್ಲಿಗೆ ಅಂದರೆ ಗಡಿಯಾರಕ್ಕೆ ಸೆಲ್ಲು ಹಾಕಿಸಬೇಕು ಅಂದಳು. ಮುದುಕನಿಗೆ ನಿಜ ಹೇಳಿಬಿಡಬೇಕು, ಕಿಟಕಿಯ ಕೆಲಸ ಹೋದರೂ ಹೋಗಲಿ, ತಮ್ಮನಿಗೆ ಆಮೇಲೆ ಹೇಗೋ ತಿಳಿಸಿದರಾಯಿತು ಅಂತ ದಾರಿಯುದ್ದಕ್ಕೂ ಅಂದುಕೊಂಡಳು. ಹಾಗೆ ಅಂದುಕೊಂಡಾಗಲೆಲ್ಲ ನಡಿಗೆ ನಿಧಾನವಾಗುತ್ತಿತ್ತು.

ಅಂಗಡಿ ಎರಡು ದೊಡ್ಡ ಅಂಗಡಿಗಳ ನಡುವೆ ಸಿಕ್ಕಿಕೊಂಡ ಒಂದು ಸಂದಿ. ಗಾಜಿನ ಪೆಟ್ಟಿಗೆಯ ಹಿಂದೆ ಹೆಂಡತಿ ಕೂತು ಯಾರದೋ ಕೈಗಡಿಯಾರಕ್ಕೆ ಪಟ್ಟಿ ಹಾಕುತ್ತಿದ್ದಳು. ಮುದುಕ ಒಳಗಡೆ ಸ್ಟೂಲಿನ ಮೇಲಿದ್ದ. ಅವನ ಮುಂದಿನ ಮೇಜಿನ ಮೇಲೆ ಚಿಮಟ, ಸಣ್ಣ ತಿರುಪುಳಿಗಳು, ಸ್ಕ್ರೂ ಹಾಕಿಡುವ ಬಟ್ಟಲು ಎಲ್ಲ ಒಪ್ಪವಾಗಿದ್ದವು, ಯಾರೂ ಮುಟ್ಟಿರದ ಹಾಗೆ. "ಸೆಲ್ಲು ಬೇಕಿತ್ತು," ಅಂದಳು ಇವಳು. ಹೆಂಡತಿಯ ಕೈ ನಿಂತಿತು. ಮುಖ ಎತ್ತದೆಯೇ, "ಕಿಟಕಿಯವಳು," ಅಂದಳು. "ದನಿ ಗೊತ್ತಾಗುತ್ತೆ." ಆಮೇಲೆ ತಗ್ಗಿದ ದನಿಯಲ್ಲಿ, ಒಳಗೆ ಕೇಳಿಸದ ಹಾಗೆ ಹೇಳಿದಳು. "ಇವರಿಗೆ ಮರೆವು ಮೊದಲೇ ಸ್ವಲ್ಪ ಇತ್ತು, ಇಲ್ಲ ಅನ್ನಲ್ಲ. ವಯಸ್ಸಾಯ್ತು, ಯಾರಿಗಿಲ್ಲ? ಆದ್ರೆ ಧೈರ್ಯ ಇತ್ತು. ಅವತ್ತಿಂದ ಒಂದು ಗಡಿಯಾರ ಬಿಚ್ಚಿಲ್ಲ. ನನ್ನ ಬಾಯೇ ನನ್ನ ಮಾತು ಕೇಳಲ್ಲ, ಇನ್ನು ಕೈ ಕೇಳುತ್ತಾ ಅಂತಾರೆ. ಅಂಗಡೀಗೆ ಬರೋ ದಾರೀನೂ ನನ್ನನ್ನ ಕೇಳ್ತಾರೆ. ಉಪ್ಪು ಸಾಕಾ ಅಂದ್ರೆ, ಸಾಕು ಅಂದ್ನಾ ಅಂತ ನನ್ನೇ ತಿರುಗಿ ಕೇಳ್ತಾರೆ."

ಇವಳು ಅಡ್ಡ ಹಲಗೆ ಎತ್ತಿ ಒಳಗೆ ಹೋಗಿ ಮುದುಕನ ಎದುರು ನಿಂತಳು. ಇಷ್ಟು ಹತ್ತಿರದಿಂದ ಇಡೀ ಮುಖ ಕಂಡಾಗ, ಯಾವ ಕಡೆ ನೋಡಿ ಮಾತಾಡಬೇಕು ಅಂತ ತಿಳಿಯಲಿಲ್ಲ. "ಅವತ್ತು ನೀವು ಒಂಬತ್ತು ಅಂದಿದ್ರಿ," ಅಂದಳು. "ನಾನೇ ಬೇಕಂತ ನಾಲ್ಕು ಒತ್ತಿದೆ. ಆಮೇಲೆ ಸುಳ್ಳು ಹೇಳಿದೆ. ನಿಮ್ಮದೇನೂ ತಪ್ಪಿಲ್ಲ." ಮುದುಕ ಮೆಲ್ಲಗೆ ನಕ್ಕ. "ಇವಳು ಕಳಿಸಿದ್ಲಾ ನಿನ್ನ? ಸಮಾಧಾನ ಹೇಳೋಕೆ?" ಇಲ್ಲ ಅಂತ ಅವಳು ತಮ್ಮನ ವಿಷಯವನ್ನೆಲ್ಲ ಹೇಳಿದಳು, ಸಹಿಯನ್ನು, ಸಾಲನ್ನು, ಯಾರೂ ಕೇಳದೆ ಉಳಿದ ನಂಬರನ್ನು. ಹೇಳುತ್ತ ಹೇಳುತ್ತ ಅದು ತನಗೇ ಕಟ್ಟುಕತೆಯ ಹಾಗೆ ಕೇಳಿಸಿತು. ಅವನು ತಾಳ್ಮೆಯಿಂದ ಕೇಳಿ, "ತಮ್ಮ ಚೆನ್ನಾಗಿದ್ದಾನಾ?" ಅಂದ.

"ಇದ್ದಾನೆ."

"ಹಾಗಾದ್ರೆ ನಾನು ನಾಲ್ಕು ಅಂದಿದ್ದು ಒಳ್ಳೇದೇ ಆಯ್ತಲ್ಲ, ಮಗಳೇ."

"ನೀವು ಅನ್ನಲಿಲ್ಲ. ಒಂಬತ್ತು ಅಂದಿದ್ರಿ."

"ಒಂಬತ್ತು ಅಂದೆ."

"ಹೂಂ. ಒಂಬತ್ತು."

ಅವನು ತಲೆಯಾಡಿಸಿದ. ಅವಳ ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು, ಇಳಿಯಲಿಲ್ಲ. ಅವನು ಮೇಜಿನ ಮೇಲಿನ ಚಿಮಟವನ್ನು ನೋಡಿ, ಮತ್ತೆ ಮುಖ ಎತ್ತಿ, ಈಗಷ್ಟೇ ಬಂದವಳನ್ನು ಕೇಳುವ ಹಾಗೆ ಸೌಜನ್ಯದಿಂದ, "ನಾನು ಏನಂದಿದ್ದೆ ಅಂತ ಹೇಳ್ದೆ, ಮಗಳೇ?" ಅಂದ. ಒಂಬತ್ತು ಅಂದಳು. ತಲೆಯಾಡಿಸಿದ. ಮೊದಲಿನ ಹಾಗೇ, ಗದ್ದ ಮೇಲೆ ಹೋಗಿ ಕೆಳಗೆ ಬಂತು. ಅವಳಿಗೆ ಅದರಿಂದ ಕಣ್ಣು ಕೀಳಲಾಗಲಿಲ್ಲ. ಯಾಕೆ ಹಾಗೆ ಮಾಡಿದಳೋ, ತಡೆಯಬೇಕು ಅನ್ನಿಸುವ ಮೊದಲೇ ಬಾಯಿ ತೆರೆದುಕೊಂಡಿತ್ತು. "ಏಳು," ಅಂದಳು, "ನೀವು ಏಳು ಅಂದಿದ್ರಿ."

ಅವನು ಅಷ್ಟೇ ನಂಬಿಕೆಯಿಂದ ತಲೆಯಾಡಿಸಿದ.

ಹೊರಗೆ ಪಟ್ಟಿ ಹಾಕುತ್ತಿದ್ದ ಹೆಂಡತಿ ಎದ್ದು ಬಂದು ಇವಳ ಹಿಂದೆ ನಿಂತಳು. ಬೈಯುತ್ತಾಳೆ, ಕೈಹಿಡಿದು ಹೊರಗೆ ದಬ್ಬುತ್ತಾಳೆ ಅಂದುಕೊಂಡು ಇವಳು ಮೈ ಕುಗ್ಗಿಸಿದಳು. ಹೆಂಡತಿ ಒಂದು ಸ್ಟೂಲನ್ನು ಕಾಲಿನಿಂದ ಸರಿಸಿ, ಭುಜ ಒತ್ತಿ ಇವಳನ್ನು ಅದರ ಮೇಲೆ ಕೂರಿಸಿದಳು. "ಆಟ ಆಡಬೇಡ," ಅಂದಳು. "ನಿಜ ಏನಿತ್ತೋ ಅದನ್ನ ಹೇಳು. ಇವರಿಗೆ ನಾಟೋವರೆಗೂ ಹೇಳು." ಮುದುಕ ಕಾಯುತ್ತಿದ್ದ, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಕೊಟ್ಟದ್ದನ್ನು ತೆಗೆದುಕೊಳ್ಳಲು ಸಿದ್ಧನಾಗಿ. ಅವಳು ಹೇಳಲು ಉಸಿರು ಎಳೆದುಕೊಂಡಳು. ಆ ಗಾಜು, ಆ ಗದ್ದ, ಇನ್ನೇನು ಹೊಡೆಯಲಿದ್ದ ಗಂಟೆ ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದ್ದವು. ಅವತ್ತು ಅವನ ತುಟಿಗಳು ಅಲುಗಿದ್ದು ಕಾಣುತ್ತಿತ್ತು. ಅವು ಒಂಬತ್ತು ಅಂದವೋ ನಾಲ್ಕು ಅಂದವೋ ಅನ್ನುವುದು ಮಾತ್ರ ಎಷ್ಟು ಕಿವಿಗೊಟ್ಟರೂ ಅವಳಿಗೆ ಕೇಳಿಸಲಿಲ್ಲ.